ನಿನ್ನ ಪಾಳಿ ಯಾವಾಗ?

ಕಳೆದ ಮಳೆಗಾಲದ ಒಂದು ಭಾನುವಾರ ಅಪ್ಪ ಅಂಕೋಲೆಯಿಂದ ಕಾರವಾರಕ್ಕೆ ಬಂದಿದ್ದರು. ಜುಲೈ ತಿಂಗಳು. ಮೀನುಗಾರಿಕೆಗೆ ಇನ್ನೂ ರಜೆ, ಬೈತಖೋಲದ ಬಂದರಿನಲ್ಲಿ ದೋಣಿಗಳೆಲ್ಲ ಒತ್ತೊತ್ತಾಗಿ ನಿಂತಿದ್ದವು. ಅಂಥ ದಿನಗಳಲ್ಲಿ ನಮ್ಮ ಪೂಲ್ ಪಾರ್ಲರಿಗೆ ಬರುವವರು ಜಾಸ್ತಿ. ದೋಣಿಗೆ ಹೋಗುವ ಹುಡುಗರು, ಕೈಗಾದಲ್ಲಿ ಶಿಫ್ಟ್ ಮುಗಿಸಿ ಬಂದವರು, ಕಾಲೇಜಿನವರು, ನನ್ನಂತೆ ಆಫೀಸು ಮುಗಿಸಿ ಒಂದು ಗಂಟೆ ಆಡಿ ಮನೆಗೆ ಹೋಗುವವರು. ನಾವೇ ತಲೆಗಿಷ್ಟು ಅಂತ ದುಡ್ಡು ಹಾಕಿ ಒಂದು ನೈನ್ ಬಾಲ್ ಟೂರ್ನಮೆಂಟ್ ಇಟ್ಟುಕೊಂಡಿದ್ದೆವು. ಈ ಆಟದಲ್ಲಿ ಕ್ಯೂ ಅನ್ನುವ ಕೋಲಿನಿಂದ ಬಿಳಿ ಬಾಲನ್ನು ಹೊಡೆದು, ಟೇಬಲ್ ಮೇಲೆ ಉಳಿದದ್ದರಲ್ಲಿ ಸಣ್ಣ ನಂಬರಿನ ಬಾಲಿಗೆ ಮೊದಲು ತಾಗಿಸಬೇಕು, ಬಾಲ್ ಪಾಕೆಟಿಗೆ ಬೀಳುತ್ತಿರುವವರೆಗೆ ಪಾಳಿ ಅವನದ್ದೇ, ಒಂಬತ್ತನೆಯದನ್ನು ಬೀಳಿಸಿದವನಿಗೆ ಆ ಫ್ರೇಮ್. ಆ ಸಂಜೆ ನನ್ನ ಮ್ಯಾಚ್ ಇತ್ತು. ಅಪ್ಪನಿಗೆ ಪೂಲ್ ಗೊತ್ತಿಲ್ಲ, ಅವರದ್ದೇನಿದ್ದರೂ ವಾಲಿಬಾಲ್. ಆದರೂ 'ನಡಿ, ನಾನೂ ಬರ್ತೆ, ನೋಡುವ' ಅಂದರು. ಕೊಡೆ ಮಡಚಿ ಮೆಟ್ಟಿಲು ಹತ್ತಿ, ಗೋಡೆ ಬದಿಯ ಬೆಂಚಿನಲ್ಲಿ ಕುಳಿತರು.

ನನ್ನ ಎದುರಾಳಿ ಕಾಣಕೋಣದಿಂದ ಬಂದ ಹುಡುಗ. ಗಡಿ ದಾಟಿದರೆ ಗೋವಾ, ಅಲ್ಲಿ ಪೂಲ್ ಟೇಬಲ್ಲುಗಳಿಗೆ ಬರವಿಲ್ಲ, ಆಟವೂ ನಮಗಿಂತ ಮುಂದೆ. ಏಳು ಫ್ರೇಮ್ ಮೊದಲು ಗೆದ್ದವನು ಗೆದ್ದ ಹಾಗೆ. ಫ್ರೇಮ್ ಗೆದ್ದವನೇ ಮುಂದಿನ ಬ್ರೇಕ್, ಅಂದರೆ ಜೋಡಿಸಿಟ್ಟ ಬಾಲ್ ಚದುರಿಸುವ ಮೊದಲ ಏಟು, ಮಾಡಬೇಕು. ಮೊದಲ ಬ್ರೇಕ್ ಅವನಿಗೆ ಸಿಕ್ಕಿತು. ಬ್ರೇಕಿನಲ್ಲಿ ಒಂದು ಬಾಲ್ ಬಿತ್ತು, ಉಳಿದವು ಹರಡಿ ನಿಂತವು, ಅವನ್ನು ಒಂಬತ್ತರವರೆಗೆ ಸಾಲಾಗಿ ಪಾಟ್ ಮಾಡಿದ, ಅಂದರೆ ಪಾಕೆಟಿಗೆ ಬೀಳಿಸಿದ. ಎರಡನೇ ಫ್ರೇಮೂ ಹಾಗೇ. ಮೂರನೆಯದರಲ್ಲಿ ನಾಲ್ಕನೇ ಬಾಲ್ ತಪ್ಪಿದ, ಆದರೆ ಬಿಳಿ ಬಾಲ್ ಹೋಗಿ ಏಳರ ಹಿಂದೆ ಅಡಗಿತು. ನಾನು ಎದ್ದೆ, ಕುಷನ್ನಿಗೆ, ಅಂದರೆ ಟೇಬಲ್ಲಿನ ಅಂಚಿಗೆ, ಹೊಡೆದು ನಾಲ್ಕನ್ನು ಮುಟ್ಟಿಸಲು ನೋಡಿದೆ, ತಾಗಲಿಲ್ಲ, ಫೌಲ್. ಬಿಳಿ ಬಾಲನ್ನು ಕೈಯಲ್ಲಿ ಎತ್ತಿ ಬೇಕಾದಲ್ಲಿ ಇಟ್ಟುಕೊಂಡು ಫ್ರೇಮ್ ಮುಗಿಸಿದ. ನಾನು ಮತ್ತೆ ಕುರ್ಚಿಗೆ. ಕೊನೆಗೆ ಏಳು-ಒಂದು. ಹೆಚ್ಚುಕಡಿಮೆ ಒಂದು ಗಂಟೆಯ ಮ್ಯಾಚಿನಲ್ಲಿ ನಾನು ಟೇಬಲ್ ಹತ್ತಿರ ನಿಂತದ್ದು ಹತ್ತು ನಿಮಿಷ ಆಗಿರಬಹುದು. ಉಳಿದ ಹೊತ್ತೆಲ್ಲ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕ್ಯೂ ಹಿಡಿದು ಕೂತಿದ್ದೆ. ಚಾಕ್ ತಿರುಗಿಸಿ ತಿರುಗಿಸಿ ಬೆರಳೆಲ್ಲ ನೀಲಿಯಾಗಿತ್ತು.

ಐದನೇ ಫ್ರೇಮಿನ ಹೊತ್ತಿಗೆ ಅಪ್ಪ ಬೆಂಚಿನಿಂದ ಬಾಗಿ ಮೆಲ್ಲಗೆ ಕೇಳಿದರು: 'ನಿನ್ನ ಪಾಳಿ ಯಾವಾಗ ಬರ್ತದೋ ತಮಾ?'

ಅವರು ಬೇಕಂತ ಕೇಳಿದ್ದಲ್ಲ. ಅವರಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ. ಒಬ್ಬ ಆಡಿದ ಮೇಲೆ ಇನ್ನೊಬ್ಬ ಆಡಬೇಕಲ್ಲ, ಇವನೇ ಯಾಕೆ ಆಡುತ್ತಾ ಹೋಗುತ್ತಿದ್ದಾನೆ ಅಂತ. ರಾತ್ರಿ ಊಟಕ್ಕೆ ಕೂತಾಗ ಅದೇ ಮಾತು ಮತ್ತೆ ಬಂತು. 'ಆ ಹುಡುಗ ಚಲೋ ಆಡ್ದ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನೀನು ಆಡಲೇ ಇಲ್ಲ. ಆಡಿ ಸೋಲೂದು ಬೇರೆ, ಕೂತು ಸೋಲೂದು ಬೇರೆ.' ಸೋತವನೇ ಟೇಬಲ್ ದುಡ್ಡು ಕೊಡಬೇಕು ಅನ್ನುವುದು ನಮ್ಮಲ್ಲಿನ ಪದ್ಧತಿ. ಅದನ್ನು ಹೇಳಿದಾಗ ಅಪ್ಪ ಏನೂ ಮಾತಾಡದೆ ಸಾರು ಕಲಸಿಕೊಂಡರು.

ಸೋತ ಬೇಜಾರು ಎರಡು ದಿನಕ್ಕೆ ಹೋಯಿತು. ಅಪ್ಪನ ಪ್ರಶ್ನೆ ಮಾತ್ರ ಹೋಗಲಿಲ್ಲ. ಅಲ್ಲಿಂದ ಮುಂದೆ ದೊಡ್ಡ ಆಟಗಾರರ ಮ್ಯಾಚ್ ನೋಡುವಾಗಲೂ ನನ್ನ ಕಣ್ಣು ಕುರ್ಚಿಯಲ್ಲಿ ಕೂತವನ ಮೇಲೇ ಹೋಗತೊಡಗಿತು. ವೃತ್ತಿಪರ ಪೂಲ್‌ನಲ್ಲಿ ನಿಯಮ ಬದಲಿಸಬೇಕು ಅನ್ನುವ ಚರ್ಚೆ ವರ್ಷಗಳಿಂದ ನಡೆಯುತ್ತಲೇ ಇದೆ. ನಾನು ಅದನ್ನು ಓದಿ ಬಿಡುತ್ತಿದ್ದೆ, ಅಷ್ಟೇ. ಈಗ ಅದು ನನ್ನ ಮನೆಯ ಮಾತೇ ಆಗಿಬಿಟ್ಟಿದೆ.

ಗೆದ್ದವನಿಗೇ ಬ್ರೇಕ್

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಬ್ಬನೇ ಆಡುತ್ತಾ ಹೋಗುವುದನ್ನು ನೋಡುವುದು ನನಗೂ ಇಷ್ಟವೇ. 1996ರಲ್ಲಿ ಅಮೆರಿಕದಲ್ಲಿ ಒಂದು ಟೂರ್ನಮೆಂಟಿನಲ್ಲಿ ಸತತ ಹತ್ತು ಫ್ರೇಮ್ ಒಂದೇ ಸಮ ಮುಗಿಸಿದವರಿಗೆ ಹತ್ತು ಲಕ್ಷ ಡಾಲರ್ ಅಂತ ಇಟ್ಟಿದ್ದರು. ಅರ್ಲ್ ಸ್ಟ್ರಿಕ್‌ಲ್ಯಾಂಡ್ ಅದನ್ನು ಮಾಡಿಯೇಬಿಟ್ಟರು. ದುಡ್ಡಿಗಾಗಿ ಆಮೇಲೆ ವಿಮೆಯವರ ಜೊತೆ ದೊಡ್ಡ ತಕರಾರಾಯಿತು, ಅದು ಬೇರೆ ಕಥೆ. 2001ರ ಯು.ಎಸ್. ಓಪನ್ ಫೈನಲಿನಲ್ಲಿ ಕೋರಿ ಡ್ಯುಯಲ್ ಅವರು ಮೀಕಾ ಇಮ್ಮೊನೆನ್ ಅವರನ್ನು 11-0ಯಿಂದ ಸೋಲಿಸಿದರು. ಇಮ್ಮೊನೆನ್ ಆ ವರ್ಷದ ವಿಶ್ವ ಚಾಂಪಿಯನ್. ಅಂಥವರಿಗೂ ಒಂದೇ ಒಂದು ಫ್ರೇಮ್ ಇಲ್ಲ.

ಆ ಫೈನಲ್ ಬಗ್ಗೆ ಜನ ಇವತ್ತಿಗೂ ಮಾತಾಡುವುದು ಬ್ರೇಕಿಗಾಗಿ. ಎಲ್ಲರೂ ಮೈಮೇಲೆ ಬಂದವರಂತೆ ಬಲ ಹಾಕಿ ಬ್ರೇಕ್ ಹೊಡೆಯುವಾಗ ಡ್ಯುಯಲ್ ಮೆತ್ತಗೆ ಹೊಡೆದರು. ಒಂಬತ್ತು ಬಾಲ್‌ಗಳನ್ನು ಬಿಗಿಯಾಗಿ ಜೋಡಿಸಿದರೆ ಎರಡು ಬದಿಯ ತುದಿಯಲ್ಲಿರುವ ಬಾಲ್ ಪ್ರತಿಸಲವೂ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತದೆ, ಮೂಲೆಯ ಪಾಕೆಟಿಗೆ. ಅದನ್ನು ಕಂಡುಕೊಂಡ ಮೇಲೆ ಬಲ ಯಾಕೆ ಬೇಕು? ಮೆತ್ತಗೆ ಹೊಡೆದರೆ ಉಳಿದ ಬಾಲ್‌ಗಳು ಎಲ್ಲಿ ನಿಲ್ಲುತ್ತವೆ ಅನ್ನುವುದೂ ಕೈಯಲ್ಲೇ ಇರುತ್ತದೆ. ಬಹಳ ಬುದ್ಧಿವಂತಿಕೆಯ ಕೆಲಸ. ನಾನು ಅದನ್ನು ಮೋಸ ಅನ್ನುವುದಿಲ್ಲ. ನಿಯಮದ ಒಳಗೇ ಇದ್ದ ದಾರಿಯನ್ನು ಮೊದಲು ಕಂಡವರು ಅವರು.

ತೊಂದರೆ ಇರುವುದು ಅದರ ನಂತರದ ಲೆಕ್ಕದಲ್ಲಿ. ಬ್ರೇಕ್ ಅನ್ನುವುದು ಆಟ ಶುರುಮಾಡುವ ಏಟು. ಅದರಲ್ಲೇ ಬಾಲ್ ಬೀಳುವುದು ಖಾತ್ರಿ ಅಂತಾದರೆ, ಗೆದ್ದವನಿಗೇ ಮುಂದಿನ ಬ್ರೇಕ್ ಕೊಡುವುದೆಂದರೆ ಉಂಡವನಿಗೇ ಮತ್ತೆ ಎಲೆ ಹಾಕಿದ ಹಾಗೆ. ಎದುರಿನವನು ಎಷ್ಟು ದೊಡ್ಡ ಆಟಗಾರನಾದರೂ ಅವನ ಆಟ ಕಾಣುವುದೇ ಇಲ್ಲ.

ಹೊನಲು ಬೆಳಕಿನ ಪಂದ್ಯಾವಳಿ

'ವಾಲಿಬಾಲಿನಲ್ಲೂ ಪಾಯಿಂಟ್ ಗೆದ್ದವರಿಗೇ ಸರ್ವಿಸ್ ಅಲ್ವಾ ಅಪ್ಪ?' ಅಂತ ಒಂದು ದಿನ ಫೋನಿನಲ್ಲಿ ಕೇಳಿದೆ. ಅವರ ಬಾಯಿಂದಲೇ ಗೆದ್ದವನ ಪರವಾಗಿ ಮಾತು ಬರುತ್ತದೆ ಅಂದುಕೊಂಡಿದ್ದೆ. ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. 'ಸರ್ವಿಸ್ ಮಾಡೂದು ಅಂದ್ರೆ ಎಂಥದು? ಬಾಲ್ ಎದುರಿನವರ ಕೈಗೆ ಕೊಡೂದು. ಮೊದಲ ಸ್ಮ್ಯಾಶ್ ಅವರದ್ದೇ ಅಲ್ವನೋ?'

ನಾನು ಫೋನ್ ಇಟ್ಟ ಮೇಲೆ ಬಹಳ ಹೊತ್ತು ಸುಮ್ನೆ ಕೂತೆ. ಇಷ್ಟು ವರ್ಷ ವಾಲಿಬಾಲ್ ನೋಡಿ ಇದು ಹೊಳೆದಿರಲಿಲ್ಲ. ವಾಲಿಬಾಲಿನಲ್ಲಿ ಗೆದ್ದವರು ಸರ್ವಿಸ್ ಮಾಡಿದರೆ ಹೊಡೆಯುವ ಮೊದಲ ಅವಕಾಶ ಸೋತವರಿಗೆ ಸಿಗುತ್ತದೆ. ತಕ್ಕಡಿ ತಾನಾಗಿ ಸರಿಹೋಗುತ್ತದೆ. ಟೆನಿಸ್‌ನಲ್ಲಿ ಸರ್ವಿಸ್ ಅನ್ನುವುದೇ ದೊಡ್ಡ ಆಯುಧ, ಅದಕ್ಕೇ ಅಲ್ಲಿ ಒಂದು ಗೇಮ್ ಇವರಿಗೆ, ಒಂದು ಗೇಮ್ ಅವರಿಗೆ. ಸ್ನೂಕರಿನಲ್ಲಿ ಬ್ರೇಕ್ ಮಾಡುವುದು ಹೆದರಿ ಹೆದರಿ ಮಾಡುವ ಕೆಲಸ. ಕೆಂಪು ಬಾಲ್‌ಗಳ ಗುಂಪಿನ ಅಂಚನ್ನು ಸವರಿ, ಬಿಳಿ ಬಾಲನ್ನು ಹಿಂದಕ್ಕೆ ತಂದು ಬಚ್ಚಿಡಬೇಕು. ಆದರೂ ಅಲ್ಲಿ ಫ್ರೇಮಿಗೊಬ್ಬರಂತೆ ಬದಲಿಸುತ್ತಾರೆ. ಪೂಲ್‌ನಲ್ಲಿ ಮಾತ್ರ ಶುರುವಿನ ಏಟು ಲಾಭದ್ದು, ಗೆದ್ದವನೇ ಬ್ರೇಕ್ ಮಾಡುವ ಕಡೆ ಆ ಲಾಭವೂ ಗೆದ್ದವನಿಗೇ. ಎರಡೂ ಒಂದೇ ಕಡೆ ತೂಗುತ್ತವೆ. ಅಪ್ಪನಿಗೆ ಪಾರ್ಲರಿನ ಬೆಂಚಿನಲ್ಲಿ ಕೂತಾಗ ಕಣ್ಣಿಗೆ ಚುಚ್ಚಿದ್ದು ಇದೇ ಇರಬೇಕು.

ಅಪ್ಪನ ವಾಲಿಬಾಲ್ ನೆನಪಾದರೆ ನನಗೆ ಮೊದಲು ಬರುವುದು ಒಂದು ರಾತ್ರಿ. ಕೊಯ್ಲಾದ ಗದ್ದೆ. ಕಂಬಕ್ಕೆ ಕಟ್ಟಿದ ಟ್ಯೂಬ್‌ಲೈಟು, ಅದಕ್ಕೆ ಮುತ್ತಿದ ಹುಳ. ಪೇಟೆಯ ಗೋಡೆಗಳ ಮೇಲೆಲ್ಲ 'ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ' ಅಂತ ಪೋಸ್ಟರ್. ನಾನು ಗದ್ದೆಯ ಬದುವಿನ ಮೇಲೆ ಅಮ್ಮನ ಶಾಲು ಹೊದ್ದು ಕೂತಿದ್ದೆ. ಆಗ ಹಳೆ ನಿಯಮ. ಹದಿನೈದು ಪಾಯಿಂಟಿನ ಸೆಟ್, ಸರ್ವಿಸ್ ಮಾಡಿದ ಕಡೆಗೆ ಮಾತ್ರ ಪಾಯಿಂಟ್. ಸ್ಕೋರ್ 12-12 ಆಗಿ ನಿಂತುಬಿಟ್ಟಿತು. ಈ ಕಡೆಯವರು ಸರ್ವಿಸ್ ಕಳೆದುಕೊಂಡರೆ ಆ ಕಡೆಗೆ, ಅವರು ಕಳೆದುಕೊಂಡರೆ ಈ ಕಡೆಗೆ. ಮೈಕಿನವನು 'ಸರ್ವಿಸ್ ಚೇಂಜ್, ಸರ್ವಿಸ್ ಚೇಂಜ್' ಅಂತ ಹೇಳುತ್ತಲೇ ಇದ್ದ. ಇಬ್ಬನಿ ಬಿದ್ದು ಶಾಲು ಒದ್ದೆಯಾಯಿತು. ನಾನು ನಿದ್ದೆ ಹೋಗಿ ಎದ್ದಾಗಲೂ 12-12ಯೇ ಇತ್ತೋ, 13-12 ಆಗಿತ್ತೋ, ಅಂತೂ ಮುಗಿದಿರಲಿಲ್ಲ.

1999ರ ಹೊತ್ತಿಗೆ ನಿಯಮ ಬದಲಾಯಿತು. ಯಾರ ಸರ್ವಿಸ್ ಆದರೂ ಸರಿ, ಪ್ರತಿ ಸಲವೂ ಒಬ್ಬರಿಗೆ ಪಾಯಿಂಟ್, ಸೆಟ್ಟಿಗೆ ಇಪ್ಪತ್ತೈದು. ಆಗ ಅಪ್ಪನ ಟೀಮಿನವರೆಲ್ಲ ಸೇರಿ ಬೈದದ್ದು ನನಗೆ ಚೆನ್ನಾಗಿ ನೆನಪಿದೆ. 'ನಾವು ಸರ್ವಿಸ್ ತಪ್ಪಿದ್ರೆ ಅವರಿಗ್ಯಾಕೆ ಪಾಯಿಂಟ್? ಅವರು ದುಡಿದ್ರಾ?' ಅಂತ. ಆಟದ ಮರ್ಯಾದೆಯೇ ಹೋಯಿತು ಅನ್ನುವಷ್ಟು ಸಿಟ್ಟು. ಒಂದೆರಡು ವರ್ಷದಲ್ಲಿ ಎಲ್ಲರೂ ಹೊಸದಕ್ಕೇ ಒಗ್ಗಿದರು. ಮ್ಯಾಚ್ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಹೇಳಲು ಬಂತು. ಬಸ್ಸಿಗೆ ಹೋಗುವವರು ಕೊನೆಯವರೆಗೂ ನಿಂತು ನೋಡತೊಡಗಿದರು. ಈಗ ಅಪ್ಪನನ್ನು ಕೇಳಿದರೆ 'ಹಳೆ ಆಟ ಯಾರಿಗೆ ಬೇಕು ಮಾರಾಯಾ' ಅನ್ನುತ್ತಾರೆ. ಕಬಡ್ಡಿಗೂ ಹಾಗೇ ಆಯಿತಲ್ಲ. ಪ್ರೊ ಕಬಡ್ಡಿಯಲ್ಲಿ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡು ಆರ್ ಡೈ. ಪಾಯಿಂಟ್ ತರದಿದ್ದರೆ ಔಟು. ಸುಮ್ನೆ ಗೆರೆ ಮುಟ್ಟಿ ಹೊತ್ತು ಕಳೆಯುವವರು ಆ ದಿನದಿಂದ ಆಡಲೇಬೇಕಾಯಿತು.

ಕುರ್ಚಿಯಲ್ಲಿ ಕೂತ ಹಳಬರು

ಈ ಟೇಬಲ್ ಆಟಗಳ ಮನೆಯೊಳಗೇ ನೋಡಿದರೂ ನಿಯಮ ಬದಲಾದ ಕಥೆಗಳಲ್ಲಿ ಕುರ್ಚಿಯಲ್ಲಿ ಕೂತವನೊಬ್ಬ ಇದ್ದೇ ಇರುತ್ತಾನೆ. ಮೂರೇ ಬಾಲ್ ಇಟ್ಟು ಆಡುವ ಇಂಗ್ಲಿಷ್ ಬಿಲಿಯರ್ಡ್ಸ್‌ನಲ್ಲಿ 1907ರಲ್ಲಿ ಟಾಮ್ ರೀಸ್ ಅನ್ನುವವರು ಎರಡು ಬಾಲ್‌ಗಳನ್ನು ಪಾಕೆಟಿನ ಬಾಯಲ್ಲಿ ಒಂದರ ಪಕ್ಕ ಒಂದು ಸಿಕ್ಕಿಸಿ ನಿಲ್ಲಿಸಿ, ಮೂರನೆಯದರಿಂದ ಅವೆರಡನ್ನೂ ಮುಟ್ಟುತ್ತಾ ಮುಟ್ಟುತ್ತಾ ಪಾಯಿಂಟ್ ಕೂಡಿಸಿದರು. ಅವು ಅಲ್ಲಾಡುವುದೇ ಇಲ್ಲ. ವಾರಗಟ್ಟಲೆ ಅದೇ ಆಟ. ಕೊನೆಗೆ ಸ್ಕೋರ್ 4,99,135. ಇನ್ನೂ ಔಟಾಗಿರಲಿಲ್ಲ! ಅದಾದ ಮೇಲೆ ಆ ಹೊಡೆತವನ್ನೇ ನಿಷೇಧಿಸಿದರು. 1932ರಲ್ಲಿ ಆಸ್ಟ್ರೇಲಿಯಾದ ವಾಲ್ಟರ್ ಲಿಂಡ್ರಮ್ ಲಂಡನ್ನಿನಲ್ಲಿ ಒಂದೇ ಪಾಳಿಯಲ್ಲಿ 4,137 ಪಾಯಿಂಟ್ ಮಾಡಿದರು. ಬಾಲ್‌ಗಳನ್ನು ಕುಷನ್ನಿನ ಪಕ್ಕ ದನ ಅಟ್ಟಿಕೊಂಡು ಹೋದ ಹಾಗೆ ಮೆಲ್ಲಗೆ ಅಟ್ಟುತ್ತಾ ಹೋಗುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆ ಹೊತ್ತಿಗೇ ನಿಯಮ ತಿದ್ದಿ, ಹೊಡೆಯುವ ಬಾಲ್ ಆಗಾಗ ಟೇಬಲ್ಲಿಗೆ ಅಡ್ಡ ಎಳೆದ ಬಾಕ್ ಲೈನ್ ಅನ್ನುವ ಗೆರೆ ದಾಟಲೇಬೇಕು ಅಂತ ಮಾಡಿದರು. ಆ 4,137ರಷ್ಟು ಹೊತ್ತೂ ಎದುರು ಕುರ್ಚಿಯಲ್ಲಿ ಕೂತಿದ್ದವರು ಜೋ ಡೇವಿಸ್. ಅವರೂ ಸಾಮಾನ್ಯರಲ್ಲ. ಮುಂದೆ ಸ್ನೂಕರನ್ನು ಬೆಳೆಸಿದವರೇ ಅವರು. ನೋಡಲು ಬಂದವರಿಗೆ ಅಷ್ಟು ಹೊತ್ತು ಅವರ ಆಟ ಸಿಗಲಿಲ್ಲ.

ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್‌ನಲ್ಲಿ ಗಂಟೆಗಟ್ಟಲೆ ಆಡುವ ಮಾದರಿಯಲ್ಲೂ, 150 ಪಾಯಿಂಟಿನ ಸಣ್ಣ ಮಾದರಿಯಲ್ಲೂ ವಿಶ್ವ ಚಾಂಪಿಯನ್ ಆಗಿದ್ದಾರೆ. ಈ ಸಣ್ಣ ಮಾದರಿ ನನಗೆ ಬಹಳ ಹಿಡಿಸಿದ್ದು. ಒಬ್ಬ ಎಷ್ಟೇ ಚೆನ್ನಾಗಿ ಆಡಿದರೂ 150ಕ್ಕೆ ನಿಲ್ಲುತ್ತದೆ, ಮತ್ತೆ ಹೊಸದಾಗಿ ಶುರು. ದೊಡ್ಡ ಆಟಗಾರ ಆಗಲೂ ದೊಡ್ಡವನಾಗೇ ಉಳಿಯುತ್ತಾನೆ ಅನ್ನುವುದಕ್ಕೆ ಅಡ್ವಾಣಿಯವರೇ ಸಾಕ್ಷಿ.

ಮಾರ್ಕರ್ ಮಾಮನ ಬೆರಳು

ಬ್ರೇಕಿನ ಬಲ ಕಡಿಮೆ ಮಾಡಲು ವೃತ್ತಿಪರ ಪೂಲ್‌ನವರು ಏನೇನು ಮಾಡಿದ್ದಾರೆ ಅನ್ನುವುದು ನಮ್ಮ ಪಾರ್ಲರಿನ ಮಾರ್ಕರ್ ಮಾಮನನ್ನು ನೋಡುತ್ತಾ ನನಗೆ ಅರ್ಥವಾಯಿತು. ಎಷ್ಟೋ ವರ್ಷದಿಂದ ಬಾಲ್ ಜೋಡಿಸುವುದೇ ಅವರ ಕೆಲಸ. ತ್ರಿಕೋನದ ಕಟ್ಟಿಗೆ ಚೌಕಟ್ಟಿನೊಳಗೆ ಒಂಬತ್ತು ಬಾಲ್ ಹಾಕಿ, ಹಿಂದಿನಿಂದ ಎರಡೂ ಹೆಬ್ಬೆರಳು ಕೊಟ್ಟು ಒತ್ತಿ, ಮುಂದಿನ ಬಾಲ್ ಕಪ್ಪು ಚುಕ್ಕೆಯ ಮೇಲೆ ಕೂರುವಂತೆ ಮಾಡಿ, ಚೌಕಟ್ಟನ್ನು ಮೇಲಕ್ಕೆತ್ತುತ್ತಾರೆ. ಎತ್ತುವಾಗ ಉಸಿರು ಹಿಡಿದಿರುತ್ತಾರೆ. ಮಳೆಗಾಲದಲ್ಲಿ ಸಮುದ್ರದ ಗಾಳಿಗೆ ಬಟ್ಟೆ ತೇವ ಹೀರಿಕೊಂಡು ದಪ್ಪಗಾಗಿರುತ್ತದೆ, ಬಾಲ್ ಜಿಗುಟು ಹಿಡಿದ ಹಾಗೆ ಉರುಳುತ್ತದೆ. ಮಾಮ ಬೆಳಿಗ್ಗೆ ಬಂದವರೇ ಟೇಬಲ್ ಬಟ್ಟೆಗೆ ಇಸ್ತ್ರಿ ಹಾಕುತ್ತಾರೆ. ಆದರೂ ಚುಕ್ಕೆ ಇರುವ ಜಾಗದಲ್ಲಿ ಸಾವಿರಾರು ಬ್ರೇಕ್ ತಿಂದು ಸಣ್ಣ ಗುಳಿ ಬಿದ್ದಿದೆ. ಚೌಕಟ್ಟು ಎತ್ತಿದ ಮೇಲೆ ಒಂದು ಬಾಲ್ ಕೂದಲೆಳೆಯಷ್ಟು ಸರಿಯುತ್ತದೆ. ಆ ಸಣ್ಣ ಸಂದು ಇದ್ದರೆ ಬ್ರೇಕಿನ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ, ತುದಿಯ ಬಾಲ್ ಎಲ್ಲಿಗೋ ಹೋಗುತ್ತದೆ.

ದೊಡ್ಡ ಟೂರ್ನಮೆಂಟುಗಳಲ್ಲಿ ಆಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಬಂತು. ಬಾಲ್ ಕೂರಲು ಅದರಲ್ಲಿ ತೂತುಗಳಿರುತ್ತವೆ. ಇಟ್ಟರೆ ಸಾಕು, ಒಂದಕ್ಕೊಂದು ಅಂಟಿಕೊಂಡೇ ನಿಲ್ಲುತ್ತವೆ. ಜೋಡಿಸುವವನು ಮೋಸ ಮಾಡಿದ ಅನ್ನುವ ಜಗಳ ಅದರಿಂದ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಬ್ರೇಕ್ ಬಾಯಿಪಾಠದ ಮಗ್ಗಿಯಂತಾಯಿತು. ಅದಕ್ಕೆ ಮದ್ದಾಗಿ ಆಯೋಜಕರು ಒಂಬತ್ತನೇ ಬಾಲನ್ನು ಚುಕ್ಕೆಯ ಮೇಲೆ ತಂದರು. ಮೊದಲು ಒಂದನೇ ಬಾಲ್ ಇರುತ್ತಿದ್ದ ಜಾಗ ಅದು. ಇಡೀ ಗುಂಪು ಬ್ರೇಕ್ ಮಾಡುವವನ ಕಡೆಗೆ ಸ್ವಲ್ಪ ಮುಂದೆ ಬಂತು, ತುದಿಯ ಬಾಲ್‌ನ ದಾರಿ ಮೂಲೆಯಿಂದ ತಪ್ಪಿತು. ಇನ್ನು ಬದಿಗೆ ಹೋಗಿ ಓರೆಯಾಗಿ ಹೊಡೆಯಬಾರದು ಅಂತ ಬ್ರೇಕಿಗೆ ನಡುವಿನಲ್ಲಿ ಒಂದು ಚೌಕ ಬರೆದರು. ಮೆತ್ತಗೆ ಹೊಡೆಯುವವರನ್ನು ತಡೆಯಲು, ಬ್ರೇಕಿನಲ್ಲಿ ಕನಿಷ್ಠ ಮೂರು ಬಾಲ್ ಪಾಕೆಟಿಗೆ ಬೀಳಬೇಕು ಇಲ್ಲವೇ ತಲೆಗೆರೆ, ಅಂದರೆ ಬ್ರೇಕ್ ಮಾಡುವ ಕಡೆಯ ಅಡ್ಡ ಗೆರೆ, ದಾಟಬೇಕು ಅನ್ನುವುದೂ ಕೆಲವು ಕಡೆ ಬಂತು.

ಇವೆಲ್ಲ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಇವೆಲ್ಲ ಬಾಗಿಲಿಗೆ ಚಿಲಕದ ಮೇಲೆ ಚಿಲಕ ಹಾಕಿದ ಹಾಗೆ ಅಂತ ನನಗನ್ನಿಸುತ್ತದೆ. ಈ ಆಟಗಾರರು ದಿನಕ್ಕೆ ಏಳೆಂಟು ಗಂಟೆ ಅಭ್ಯಾಸ ಮಾಡುವವರು. ಯಾವ ಚಿಲಕ ಹಾಕಿದರೂ ಆರು ತಿಂಗಳಲ್ಲಿ ತೆಗೆಯುವ ದಾರಿ ಹುಡುಕುತ್ತಾರೆ. ಪಾಕೆಟ್ ಸಣ್ಣ ಮಾಡುವುದೂ ಹಾಗೇ. ಪೂಲ್ ಬಾಲ್ ಎರಡೂಕಾಲು ಇಂಚು. ಮೂಲೆ ಪಾಕೆಟಿನ ಬಾಯಿ ನಾಲ್ಕೂವರೆ ಇಂಚಾದರೆ ಎರಡು ಬಾಲ್ ಪಕ್ಕಪಕ್ಕ ಸರಿಯಾಗಿ ಕೂರುತ್ತವೆ. ನಮ್ಮ ಪಾರ್ಲರಿನಲ್ಲಿ ಎರಡು ಬಾಲ್ ಇಟ್ಟ ಮೇಲೂ ಮಾಮನ ಕಿರುಬೆರಳು ಹೋಗುತ್ತದೆ. ಕೆಲವು ದೊಡ್ಡ ಟೂರ್ನಮೆಂಟುಗಳಲ್ಲಿ ಈಗ ನಾಲ್ಕು ಇಂಚಿನ ಪಾಕೆಟ್‌ಗಳು ಬಂದಿವೆ, ಎರಡು ಬಾಲ್ ಒಟ್ಟಿಗೆ ಕೂರುವ ಮಾತೇ ಇಲ್ಲ. ಅದರಿಂದ ತಪ್ಪು ಹೆಚ್ಚಾಗುತ್ತದೆ, ಎದುರಿನವನಿಗೆ ಪಾಳಿ ಸಿಗುತ್ತದೆ, ಒಪ್ಪಿದೆ. ಆದರೆ ಕುಷನ್ನಿನ ಬದಿ ಉರುಳಿಸಿ ಧೈರ್ಯದಿಂದ ಪಾಟ್ ಮಾಡುವ ಹೊಡೆತಗಳು ಕಡಿಮೆಯಾಗುತ್ತವೆ. ಎಲ್ಲರೂ ಹುಷಾರಿಯಾಗಿ, ನಿಧಾನವಾಗಿ ಆಡುತ್ತಾರೆ. ಮೂವತ್ತು ಸೆಕೆಂಡಿನ ಗಡಿಯಾರ ಇಟ್ಟಿದ್ದು ಮಾತ್ರ ಬಹಳ ಚಲೋ ಆಯಿತು. ಅದು ಎಲ್ಲ ಕಡೆಗೂ ಬರಲಿ.

ನನ್ನ ಮಟ್ಟಿಗೆ ಇಷ್ಟೆಲ್ಲ ಬೇಡ. ಬ್ರೇಕ್ ಒಂದು ಸಲ ಇವನಿಗೆ, ಒಂದು ಸಲ ಅವನಿಗೆ ಅಂತ ಮಾಡಿದರೆ ಆಯಿತು. ಅಮೆರಿಕ ಮತ್ತು ಯುರೋಪಿನ ನಡುವೆ 1994ರಿಂದ ನಡೆಯುತ್ತಿರುವ ಮೋಸ್ಕೋನಿ ಕಪ್‌ನಲ್ಲಿ ಬಹಳ ವರ್ಷ ಹೀಗೇ ಆಡಿದ್ದಾರೆ. ಅಲ್ಲಿನ ಪ್ರೇಕ್ಷಕರ ಗಲಾಟೆ ನೋಡಿದವರು ಯಾರೂ ಅದರಿಂದ ರೋಚಕತೆ ಕಡಿಮೆಯಾಯಿತು ಅನ್ನಲಾರರು. ಬ್ರೇಕ್ ಎಷ್ಟು ಬಲದ್ದಾದರೂ ಆಗ ಚಿಂತೆಯಿಲ್ಲ, ಇಬ್ಬರಿಗೂ ಅದೇ ಬಲ.

ಒಂದು ಹೊಡೆತ

ನಿಯಮ ಬದಲಿಸಿದರೆ ಆಟದ ಕಲೆ ಹೋಗುತ್ತದೆ ಅನ್ನುವವರಿಗೆ ನಾನು ತೋರಿಸುವುದು ಎಫ್ರೆನ್ ರೆಯೆಸ್ ಅವರ ಒಂದು ಹೊಡೆತ. ಫಿಲಿಪ್ಪೀನ್ಸ್‌ನವರು, ಮಾಂತ್ರಿಕ ಅಂತಲೇ ಹೆಸರು. 1995ರಲ್ಲಿ ಅಮೆರಿಕದ ರೀನೋ ಊರಿನಲ್ಲಿ ಮತ್ತದೇ ಸ್ಟ್ರಿಕ್‌ಲ್ಯಾಂಡ್ ಎದುರು ಮ್ಯಾಚ್. ಕೊನೆಯ ಫ್ರೇಮ್. ಸ್ಟ್ರಿಕ್‌ಲ್ಯಾಂಡ್ ಐದನೇ ಬಾಲನ್ನು ನೇರ ಕಾಣದಂತೆ ಮರೆಮಾಡಿ ಎದ್ದರು. ರೆಯೆಸ್ ಬಂದು ಟೇಬಲ್ಲನ್ನು ಸ್ವಲ್ಪ ಹೊತ್ತು ನೋಡಿದರು. ಬಿಳಿ ಬಾಲ್ ಎರಡು ಕುಷನ್ನಿಗೆ ಬಡಿದು, ಇಂಗ್ಲಿಷಿನ ಝಡ್ ಅಕ್ಷರ ಬರೆದ ಹಾಗೆ ಹೋಗಿ, ಐದಕ್ಕೆ ತಾಗಿ, ಐದು ಪಾಕೆಟಿಗೆ ಬಿತ್ತು. ಆ ವಿಡಿಯೋವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕೈ ರೋಮ ನಿಲ್ಲುತ್ತದೆ.

ಈ ಹೊಡೆತ ಯಾಕೆ ಹುಟ್ಟಿತು ಅಂತ ಯೋಚಿಸಿ. ಹಿಂದೆ ಅಮೆರಿಕದಲ್ಲಿ ನೈನ್ ಬಾಲ್ ಆಡುವಾಗ ದಾರಿ ಮುಚ್ಚಿಹೋದರೆ ಯಾವಾಗ ಬೇಕಾದರೂ 'ಪುಶ್ ಔಟ್' ಅಂತ ಹೇಳಿ ಬಿಳಿ ಬಾಲನ್ನು ಸುಮ್ನೆ ತಳ್ಳಿಬಿಡಬಹುದಿತ್ತು. ಏನೂ ತಾಗದಿದ್ದರೂ ಶಿಕ್ಷೆ ಇಲ್ಲ. ಮುಂದೆ 1980ರ ದಶಕದಲ್ಲಿ ಒಂದೇ ಫೌಲಿಗೆ ಎದುರಿನವನಿಗೆ ಬಾಲ್ ಇನ್ ಹ್ಯಾಂಡ್, ಅಂದರೆ ಬಿಳಿ ಬಾಲನ್ನು ಬೇಕಾದಲ್ಲಿ ಇಟ್ಟು ಆಡುವ ಅವಕಾಶ, ಅನ್ನುವ ನಿಯಮ ಹಬ್ಬಿತು. ಪುಶ್ ಔಟ್ ಬ್ರೇಕಾದ ನಂತರದ ಒಂದು ಏಟಿಗೆ ಮಾತ್ರ ಉಳಿಯಿತು. ಆಗಲೂ ಹಳಬರು ಬೈದಿರಬೇಕು, ನಮ್ಮ ಗದ್ದೆಯ ವಾಲಿಬಾಲಿನವರಂತೆ. ಆದರೆ ಫೌಲ್ ಅಷ್ಟು ದುಬಾರಿಯಾದ ಮೇಲೆ ಮರೆಯಲ್ಲಿರುವ ಬಾಲನ್ನು ಕುಷನ್ನಿನಿಂದ ಹುಡುಕಿ ಮುಟ್ಟುವ ವಿದ್ಯೆಗೆ ಬೆಲೆ ಬಂತು. ಆ ವಿದ್ಯೆಯಲ್ಲಿ ಪಳಗಿದವರು ಮೇಲೆ ಬಂದರು. ಹಳೆ ನಿಯಮವೇ ಇದ್ದಿದ್ದರೆ ರೆಯೆಸ್ ಆ ದಿನ ಬಿಳಿ ಬಾಲನ್ನು ಪಕ್ಕಕ್ಕೆ ತಳ್ಳಿ ಕೂರಬಹುದಿತ್ತು. ನಾವು ಆ ಝಡ್ ನೋಡುತ್ತಲೇ ಇರಲಿಲ್ಲ.

ಅದಕ್ಕೇ ಜಂಪ್ ಕ್ಯೂ ನನಗೆ ಬೇಡ. ಗಿಡ್ಡ, ಹಗುರ ಕ್ಯೂ ತೆಗೆದು ಅಡ್ಡ ಬಂದ ಬಾಲಿನ ಮೇಲಿಂದ ಹಾರಿಸುವುದು ನೋಡಲು ಚಂದವೇ, ಹೊಸಬರು ಚಪ್ಪಾಳೆ ತಟ್ಟುತ್ತಾರೆ. ಆದರೆ ಒಬ್ಬ ಹತ್ತು ನಿಮಿಷ ಹೊಂಚುಹಾಕಿ ಹಾಕಿದ ಬಲೆಯನ್ನು ಬೇರೆ ಕ್ಯೂ ತಂದು ಹರಿದುಹಾಕಿದ ಹಾಗೆ ಅದು. ಹಾರಿಸಲೇಬೇಕು ಅಂದರೆ ಕೈಯಲ್ಲಿರುವ ಕ್ಯೂನಿಂದಲೇ ಹಾರಿಸಲಿ. ಇದರಲ್ಲಿ ನನ್ನ ಮಾತು ಒಪ್ಪದವರು ಬಹಳ ಜನ ಇದ್ದಾರೆ, ನಮ್ಮ ಪಾರ್ಲರಿನಲ್ಲೇ ಇದ್ದಾರೆ. ಜಂಪ್ ಕ್ಯೂಗೆ ಸಾವಿರಗಟ್ಟಲೆ ದುಡ್ಡು ಕೊಟ್ಟವರೂ ಇದ್ದಾರೆ.

ಇನ್ನೊಂದು ಫ್ಲೂಕ್, ಅಂದರೆ ಗುರಿಯಿಡದೆ ಅದೃಷ್ಟಕ್ಕೆ ಬೀಳುವ ಬಾಲ್. ಎರಡನೇ ಬಾಲಿಗೆ ಗುರಿಯಿಟ್ಟು ಹೊಡೆದು, ಅದು ತಪ್ಪಿ, ಇಡೀ ಟೇಬಲ್ ಸುತ್ತಿ, ಒಂಬತ್ತಕ್ಕೆ ಬಡಿದು ಒಂಬತ್ತು ಬಿದ್ದರೂ ನೈನ್ ಬಾಲ್‌ನಲ್ಲಿ ಗೆದ್ದ ಹಾಗೆ. ಟೆನ್ ಬಾಲ್ ಆಟದಲ್ಲಿ ಇದಕ್ಕೊಂದು ಒಳ್ಳೆಯ ಉತ್ತರ ಇದೆ. ಯಾವ ಬಾಲ್, ಯಾವ ಪಾಕೆಟ್ ಅಂತ ಮೊದಲೇ ಹೇಳಬೇಕು. ಹೇಳದ್ದು ಬಿದ್ದರೆ ಎದುರಿನವನು ಬೇಕಾದರೆ ತಾನು ಆಡಬಹುದು, ಬೇಡವಾದರೆ 'ನೀನೇ ಆಡು' ಅನ್ನಬಹುದು. ಈ ಆಯ್ಕೆಯನ್ನು ನೈನ್ ಬಾಲ್‌ಗೂ ತರಬೇಕು. ಅದೃಷ್ಟದ ಬಾಲ್ ಬೀಳಲಿ, ಆದರೆ ಆ ಹೊತ್ತಿನಲ್ಲಿ ಕುರ್ಚಿಯಲ್ಲಿ ಕೂತವನಿಗೂ ಒಂದು ಮಾತು ಇರಲಿ.

ಆಗಸ್ಟಿನ ಭಾನುವಾರಗಳು

ಆಗಸ್ಟಿನಿಂದ ನಾವು ಪಾರ್ಲರಿನಲ್ಲಿ ಈ ಎರಡನ್ನೇ ಆಡಿ ನೋಡುತ್ತಿದ್ದೇವೆ. ಬ್ರೇಕ್ ಬದಲಿಸಿ ಬದಲಿಸಿ, ಫ್ಲೂಕಿಗೆ ಆಯ್ಕೆ. ಮೊದಲ ವಾರ ಯಾರ ಬ್ರೇಕ್ ಅನ್ನುವುದೇ ಮರೆತುಹೋಗಿ ಜಗಳವಾಯಿತು. ಮಾರ್ಕರ್ ಮಾಮ ಅದಕ್ಕೊಂದು ಉಪಾಯ ಮಾಡಿದರು. ಮುಂದಿನ ಬ್ರೇಕ್ ಯಾರದೋ ಅವರ ಕುರ್ಚಿಯ ಕಡೆಯ ಕುಷನ್ ಮೇಲೆ ಒಂದು ಮುರಿದ ಚಾಕ್ ಇಡುತ್ತಾರೆ. ಫ್ರೇಮ್ ಮುಗಿದಾಗ ಆ ಚಾಕ್ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ.

ಎಲ್ಲರಿಗೂ ಇಷ್ಟವಾಗಿಲ್ಲ. ಕೋಡಿಬಾಗದ ಒಬ್ಬ ಹುಡುಗ ಇದ್ದಾನೆ, ದೋಣಿಗೆ ಹೋಗುವವನು, ನಮ್ಮಲ್ಲೆಲ್ಲ ಒಳ್ಳೆಯ ಕೈ ಅವನದ್ದೇ. ಕಳೆದ ವಾರ ನಾಲ್ಕು-ಐದರಿಂದ ಸೋತು ಬಂದು ನನ್ನ ಹತ್ತಿರ ನಿಂತ. 'ಅಣ್ಣ, ನೀವು ಹೇಳೂದು ಸರಿ ಇರಬಹುದು. ಆದ್ರೆ ನನ್ನ ಕೈ ಕುದುರೂ ಹೊತ್ತಿಗೆ ಕೂರಿಸ್ತ್ರಿ. ಮೂರು ಫ್ರೇಮ್ ಹಿಂದೆ ಬಿದ್ರೆ ಮೊದ್ಲು ಒಂದೇ ಉಸಿರಿಗೆ ಬರೂಕೆ ಆಗ್ತಿತ್ತು. ಈಗ ಒಂದು ಹತ್ತಿದ್ರೆ ಅವರೂ ಒಂದು ಹತ್ತುತ್ರು.' ಅದು ಸುಳ್ಳಲ್ಲ. ಹಿಂದೆ ಬಿದ್ದವನು ಸತತವಾಗಿ ಗೆದ್ದು ಮೇಲೇಳುವ ದಾರಿಯನ್ನು ಈ ನಿಯಮ ಸ್ವಲ್ಪ ಕಿರಿದು ಮಾಡುತ್ತದೆ. ನಾನು ಅವನಿಗೆ ಹೇಳಿದ್ದು ಇಷ್ಟೇ: ಹಿಂದೆ ಬಿದ್ದವನು ಮೇಲೇಳಬೇಕಾದರೆ ಮೊದಲು ಎದ್ದು ನಿಲ್ಲಬೇಕಲ್ಲ. ಅವನಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಮುಂದಿನ ಮಳೆಗಾಲದವರೆಗೆ ಆಡಿ ನೋಡುವ, ಆಮೇಲೆ ಎಲ್ಲರೂ ಕೂತು ಮಾತಾಡುವ ಅಂತಾಗಿದೆ.

ಕಾಣಕೋಣದ ಹುಡು‌ಗ ಮೊನ್ನೆ ಭಾನುವಾರ ಮತ್ತೆ ಬಂದಿದ್ದ. ಅಪ್ಪನೂ ಇದ್ದರು, ಅದೇ ಬೆಂಚು. ನಾನು ಐದು-ಏಳರಿಂದ ಸೋತೆ. ಹತ್ತನೇ ಫ್ರೇಮಿನಲ್ಲಿ ನನ್ನದೊಂದು ಫ್ಲೂಕ್ ಬಿತ್ತು, ಮೂರಕ್ಕೆ ಹೊಡೆದದ್ದು ಹೋಗಿ ಆರು ಬಿತ್ತು. ಹಳೆ ನಿಯಮದಲ್ಲಾದರೆ ನಾನೇ ಮುಂದುವರಿಯುವವನು. ಅವನು ಟೇಬಲ್ ಸುತ್ತ ಒಂದು ಸುತ್ತು ಬಂದು ನೋಡಿದ. ಮೂರು ಪೂರ್ತಿ ಎಂಟರ ಮರೆಯಲ್ಲಿತ್ತು. ನಕ್ಕು, ಬಿಳಿ ಬಾಲ್ ತೋರಿಸಿ, 'ನೀವೇ ಆಡಿ' ಅಂದ. ನಾನು ಒದ್ದೆ ಬಟ್ಟೆಯ ಲೆಕ್ಕ ಹಾಕಿ, ಒಂದಿಷ್ಟು ಜಾಸ್ತಿ ಬಲ ಕೊಟ್ಟು, ಒಂದು ಕುಷನ್ನಿಗೆ ಹೊಡೆದೆ. ಬಿಳಿ ಬಾಲ್ ವಾಪಸ್ ಬಂದು ಮೂರನ್ನು ಮುಟ್ಟಿತು. ಪಾಟ್ ಆಗಲಿಲ್ಲ, ಆದರೆ ಮೂರು ಉದ್ದದ ಕುಷನ್ನಿಗೆ ಅಂಟಿಕೊಂಡು ನಿಂತಿತು, ಬಿಳಿ ಬಾಲ್ ಆಚೆ ತುದಿಗೆ ಹೋಯಿತು. ಈಗ ಅವನು ಬಹಳ ಹೊತ್ತು ಯೋಚಿಸಿದ. ಅಪ್ಪ ಬೆಂಚಿನ ತುದಿಗೆ ಸರಿದು ಕೂತಿದ್ದರು. ಯಾರ ಪಾಳಿ ಅಂತ ಆ ದಿನ ಅವರು ಒಂದು ಸಲವೂ ಕೇಳಲಿಲ್ಲ.